ಹೈಸ್ಕೂಲ್ ಗ್ರಾಜುಯೇಶನ್: ಕವರಿನಲ್ಲಿ ಎಷ್ಟು ಇಡಬೇಕು?

ಮೇ ತಿಂಗಳು ಅರ್ಧ ಕಳೆಯುವ ಹೊತ್ತಿಗೆ ಅಮೆರಿಕದ ಮಿಷಿಗನ್, ಮಿನೆಸೋಟ, ಇಲಿನಾಯ್ ಕಡೆ ನೆಲೆಸಿರುವ ಕನ್ನಡದ ಮನೆಗಳ ಅಂಚೆಪೆಟ್ಟಿಗೆಗೆ ದಪ್ಪ ಕಾಗದದ ಕಾರ್ಡುಗಳು ಬರತೊಡಗುತ್ತವೆ. ಚೌಕದ ಟೋಪಿ, ನಿಲುವಂಗಿ ತೊಟ್ಟ ಹುಡುಗನದೋ ಹುಡುಗಿಯದೋ ಫೋಟೋ, ಶಾಲೆಯ ಹೆಸರು, ಇಸವಿ, ಮುಂದೆ ಸೇರಲಿರುವ ಕಾಲೇಜಿನ ಲಾಂಛನ ಎಲ್ಲವೂ ಅದರ ಮೇಲೆ ಇರುತ್ತವೆ. ಈ ದೇಶಕ್ಕೆ ಬಂದು ಒಂದೆರಡು ವರ್ಷವಷ್ಟೇ ಆಗಿರುವ ದಂಪತಿಗಳು ಆಗ ನನ್ನಂಥ ಹಳಬರಿಗೆ ಫೋನು ಮಾಡಿ, “ಆಂಟಿ, ಇದಕ್ಕೆ ಎಷ್ಟು ಹಾಕುವುದು ವಾಡಿಕೆ?” ಎಂದು ಕೇಳುತ್ತಾರೆ. ಈ ಪ್ರಶ್ನೆ ಸಹಜವಾದದ್ದೇ. ಮದುವೆ, ಉಪನಯನ, ಗೃಹಪ್ರವೇಶಗಳ ಮುಯ್ಯಿಯ ಲೆಕ್ಕ ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದದ್ದು. ಆದರೆ ಹನ್ನೆರಡನೆಯ ತರಗತಿ ಮುಗಿಸಿದ್ದಕ್ಕೆ ಮುಯ್ಯಿ ಮಾಡಿ ನಮಗೆ ರೂಢಿಯಿಲ್ಲ. ಊರಿನಲ್ಲಿ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಪಾಸಾದಾಗ ಪಾಸಾದ ಮನೆಯವರೇ ಪೇಡೆಯ ಪೊಟ್ಟಣ ಹಿಡಿದು ಬೀದಿಯೆಲ್ಲ ಹಂಚಿಕೊಂಡು ಬರುತ್ತಾರೆ. ಇಲ್ಲಿ ಕೈಯಲ್ಲಿ ಏನಾದರೂ ಹಿಡಿದು ಹೋಗಬೇಕಾದವರು ನೆಂಟರು, ಸ್ನೇಹಿತರು.

ಹಣದ ಮಾತಿಗೆ ಮೊದಲು ಬಂದಿರುವ ಕಾರ್ಡನ್ನು ಒಮ್ಮೆ ನಿಧಾನವಾಗಿ ಓದಬೇಕು. ಶಾಲೆಯ ಸಮಾರಂಭಕ್ಕೆ ಒಂದೊಂದು ಮನೆಗೆ ಸಿಗುವ ಟಿಕೆಟ್ಟುಗಳು ಸಾಮಾನ್ಯವಾಗಿ ಕೆಲವೇ ಕೆಲವು. ಎಲ್ಲರನ್ನೂ ಕರೆಯಲಾಗದ ಕಾರಣಕ್ಕೆ, ಮಗು ಶಾಲೆ ಮುಗಿಸಿತು ಎಂಬ ಸುದ್ದಿಯನ್ನು ತಿಳಿಸಲೆಂದೇ ಕಾರ್ಡು ಕಳುಹಿಸುವ ಪದ್ಧತಿ ಇಲ್ಲಿದೆ. ಅಂಥ ಸುದ್ದಿಯ ಕಾರ್ಡಿಗೆ ಉಡುಗೊರೆ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲ. ನಾಲ್ಕು ಸಾಲು ಕೈಬರಹದ ಅಭಿನಂದನೆ ಸಾಕು. ಅದೇ ಕಾರ್ಡಿನಲ್ಲಿ ದಿನಾಂಕ, ವೇಳೆ, ಮನೆಯ ವಿಳಾಸ ಹಾಕಿ ‘ಓಪನ್ ಹೌಸ್’ ಎಂದು ಕರೆದಿದ್ದರೆ ಅದು ಆಮಂತ್ರಣ. ಮನೆಯ ಗ್ಯಾರೇಜಿನಲ್ಲೋ ಹಿತ್ತಿಲಿನಲ್ಲೋ ಮೇಜು ಹಾಕಿ, ಮಗುವಿನ ಬಾಲ್ಯದ ಫೋಟೋಗಳನ್ನು ಹಲಗೆಯ ಮೇಲೆ ಅಂಟಿಸಿ, ಬಂದವರಿಗೆಲ್ಲ ಊಟ ಬಡಿಸುವ ಈ ಕೂಟಕ್ಕೆ ಹೋಗುವುದಾದರೆ ಬರಿಗೈಯಲ್ಲಿ ಹೋಗಬಾರದು. ಆ ಹಲಗೆಯ ಪಕ್ಕದಲ್ಲಿಯೇ ಕಾರ್ಡು ಹಾಕಲು ಸೀಳು ಬಿಟ್ಟ ಒಂದು ಪೆಟ್ಟಿಗೆ ಇರುತ್ತದೆ.

ಬಹಳ ಜನ ಕಾರ್ಡು ಬಂದಾಗಲೆಲ್ಲ ಒಂದೊಂದಾಗಿ ಯೋಚಿಸುತ್ತಾರೆ; ಮೊದಲನೆಯವರಿಗೆ ಸಂಕೋಚಪಟ್ಟು ಹೆಚ್ಚು ಹಾಕಿ, ನಾಲ್ಕನೆಯವರ ಹೊತ್ತಿಗೆ ಕೈ ಬಿಗಿಹಿಡಿಯುತ್ತಾರೆ. ಒಬ್ಬೊಬ್ಬರಿಗೆ ಎಷ್ಟು ಎಂದು ಕೇಳಿಕೊಳ್ಳುವ ಮೊದಲು ಈ ಬೇಸಿಗೆಗೆ ಒಟ್ಟು ಎಷ್ಟು ಎಂಬುದನ್ನು ತೀರ್ಮಾನಿಸಬೇಕೆಂದು ನಾನು ಹೇಳುವುದು ಇದರಿಂದಲೇ. ನಮ್ಮ ಬಳಗದ ಮನೆಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೆಲಸಕ್ಕೆಂದು ಬಂದು ನೆಲೆಸಿದವು. ಹಾಗಾಗಿ ಮಕ್ಕಳೂ ಒಂದೇ ವಾರಿಗೆಯವರು, ಅವರ ಗ್ರಾಜುಯೇಶನ್ನೂ ಗುಂಪಾಗಿಯೇ ಬರುತ್ತದೆ. ಒಂದು ವರ್ಷ ಒಂದೂ ಇರದೆ, ಮರುವರ್ಷ ಜೂನಿನ ಒಂದೇ ಶನಿವಾರ ಮೂರು ಮನೆಗಳಿಗೆ ಓಡಬೇಕಾಗುವುದುಂಟು. ಅದೇ ಜೂನಿನಲ್ಲಿಯೇ ಮಕ್ಕಳ ರಜೆಗೆ ಹೊಂದಿಸಿ ಊರಿಗೆ ಹೋಗುವ ವಿಮಾನದ ಟಿಕೆಟ್ಟಿನ ಖರ್ಚು ಕೂಡ ತಲೆಯ ಮೇಲೆ ಕೂತಿರುತ್ತದೆ. ಆದ್ದರಿಂದ ಏಪ್ರಿಲ್ ತಿಂಗಳಲ್ಲಿಯೇ, ಯಾವ ಯಾವ ಮನೆಯಲ್ಲಿ ಈ ಸಲ ಹನ್ನೆರಡನೆಯ ತರಗತಿಯವರಿದ್ದಾರೆ ಎಂಬುದನ್ನು ಗಂಡಹೆಂಡಿರು ಕೂತು ಪಟ್ಟಿ ಮಾಡಿ, ಮನೆಯ ಖರ್ಚಿಗೆ ತೊಂದರೆಯಾಗದಂತೆ ತೆಗೆದಿಡಬಹುದಾದ ಮೊತ್ತವನ್ನು ಗೊತ್ತುಮಾಡಿಕೊಂಡು, ಅದನ್ನು ಸಂಬಂಧದ ಹತ್ತಿರ-ದೂರಕ್ಕೆ ತಕ್ಕಂತೆ ಹಂಚಬೇಕು.

ಹಂಚುವಾಗ ನಾನು ಪಾಲಿಸುವ ಅಳತೆಯನ್ನು ಹೇಳುತ್ತೇನೆ. ಇದು ನನ್ನ ಮನೆಯ ಅಳತೆಯೇ ಹೊರತು ಯಾವ ಶಾಸ್ತ್ರವೂ ಅಲ್ಲ. ನಮ್ಮ ಮಕ್ಕಳ ಸಹಪಾಠಿ, ಪಕ್ಕದ ಮನೆಯ ಮಗು, ಕಚೇರಿಯ ಸಹೋದ್ಯೋಗಿಯ ಮಗ ಇಂಥವರಿಗೆ 20ರಿಂದ 25 ಡಾಲರ್ ಧಾರಾಳವಾಗಿ ಸಾಕು. ಹಬ್ಬಹುಣ್ಣಿಮೆಗೆ ಹೋಗಿ ಬಂದು ಮಾಡುವ, ಕನ್ನಡ ಕೂಟದಲ್ಲಿ ನಮ್ಮೊಡನೆ ಪಾತ್ರೆ ಹೊತ್ತಿರುವ ಮನೆಗಳ ಮಕ್ಕಳಿಗೆ 51 ಡಾಲರ್. ನಾವೇ ಎತ್ತಿ ಆಡಿಸಿದ ಮಕ್ಕಳಿಗೆ, ಈ ದೇಶದಲ್ಲಿಯೇ ಇರುವ ದೊಡ್ಡಪ್ಪ ಚಿಕ್ಕಪ್ಪನವರ ಮೊಮ್ಮಕ್ಕಳಿಗೆ 101. ಒಡಹುಟ್ಟಿದವರ ಮಕ್ಕಳಿಗೆ 201 ಅಥವಾ 251. ಸ್ವಂತ ಮೊಮ್ಮಕ್ಕಳ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಇವು ಇಬ್ಬರು ದುಡಿಯುವ ಮನೆಗೆ ಹೊಂದುವ ಅಂಕಿಗಳು. ಎಚ್‌-1ಬಿ ವೀಸಾದ ಮೇಲೆ ಬಂದು, ಹೆಂಡತಿಗೋ ಗಂಡನಿಗೋ ಕೆಲಸದ ಪರವಾನಗಿ ಇನ್ನೂ ಸಿಗದೆ ಒಂದೇ ಸಂಬಳದಲ್ಲಿ ಬಾಡಿಗೆ ಕಟ್ಟುತ್ತಿರುವ ಮನೆಯವರು ಇದರ ಅರ್ಧ ಹಾಕಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿಯುವವರಿದ್ದರೆ ಅವರ ಮನೆಯ ಊಟ ಅಷ್ಟೇನೂ ರುಚಿಸಲಾರದು. ಮನೆಮಂದಿಯೆಲ್ಲ ಹೋದರೂ ಒಂದು ಮನೆಯಿಂದ ಒಂದು ಕವರು. ನಿಮ್ಮ ಮಗಳಿಗೆ ಗೆಳತಿಯ ಕೈಗೆ ಬೇರೆಯಾಗಿ ಏನಾದರೂ ಕೊಡುವ ಆಸೆಯಿದ್ದರೆ ಅದು ಅವಳ ಸ್ವಂತ ಜೇಬಿನ ಖರ್ಚಿನಲ್ಲಿ ಆಗಲಿ.

ಮೊತ್ತವನ್ನು ಕಾಲೇಜಿನ ಹೆಸರು ನೋಡಿ ನಿರ್ಧರಿಸುವ ಚಾಳಿ ಮಾತ್ರ ನಮ್ಮವರಲ್ಲಿ ಬೆಳೆಯುತ್ತಿದೆ, ಅದನ್ನು ಬೆಳೆಯಗೊಡಬಾರದು. ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಸೀಟು ಸಿಕ್ಕಿದ ಹುಡುಗನಿಗೆ 101, ಊರಿನ ಕಮ್ಯುನಿಟಿ ಕಾಲೇಜಿಗೆ ಹೊರಟ ಹುಡುಗಿಗೆ 31 ಎಂದು ಕೊಟ್ಟರೆ, ಈ ಇಬ್ಬರೂ ಆ ಸಂಜೆ ಫೋನಿನಲ್ಲಿ ಮಾತನಾಡಿಕೊಂಡೇ ಕೊಳ್ಳುತ್ತಾರೆ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಕಡಿಮೆ ಶುಲ್ಕಕ್ಕೆ ಓದಿ, ಬಳಿಕ ರಾಜ್ಯದ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಮಗು ತಂದೆತಾಯಿಗೆ ಉಳಿಸುವ ಹಣ ಸಣ್ಣದಲ್ಲ. ಕಾಲೇಜಿಗೇ ಹೋಗದೆ ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಹೊರಟವನಿಗಂತೂ ಮೊದಲ ತಿಂಗಳಲ್ಲಿಯೇ ಸ್ವಂತ ಉಪಕರಣ ಕೊಳ್ಳಬೇಕಾಗಿ ಬಂದು ನಗದು ಬೇಗ ಉಪಯೋಗಕ್ಕೆ ಬರುತ್ತದೆ. ಕರೆದವರ ಮನೆಯ ಅಂತಸ್ತನ್ನು ನೋಡಿ ಏರಿಸುವುದೂ ಅಷ್ಟೇ ಅರ್ಥವಿಲ್ಲದ್ದು. ಸರೋವರದ ದಂಡೆಯ ಬಂಗಲೆಯವರಿಗೆ ನಿಮ್ಮ 51 ಕಡಿಮೆಯಾಗಿ ಕಂಡೀತೆಂಬ ಭಯ ನಿಮ್ಮದೇ ಹೊರತು ಆ ಮಗುವಿನದಲ್ಲ.

ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಳ್ಳಿ. ಊರಿನ ಮನೆಗಳಲ್ಲಿ ಮದುವೆಯ ಮುಯ್ಯಿಯನ್ನು ಬರೆದಿಡುತ್ತಿದ್ದಂತೆಯೇ ಇಲ್ಲಿಯೂ ಯಾರಿಗೆ, ಯಾವ ವರ್ಷ, ಎಷ್ಟು ಎಂಬುದನ್ನು ಬರೆದಿಡುವುದರಿಂದ ಮುಂದೆ ಆಗುವ ಇರುಸುಮುರುಸು ತಪ್ಪುತ್ತದೆ. ಮುಖ್ಯವಾಗಿ ಅಣ್ಣತಮ್ಮಂದಿರ ವಿಷಯದಲ್ಲಿ ಇದು ಬೇಕೇ ಬೇಕು. ಒಂದು ಮನೆಯ ದೊಡ್ಡ ಮಗನಿಗೆ 51 ಕೊಟ್ಟು, ನಾಲ್ಕು ವರ್ಷ ಬಿಟ್ಟು ಚಿಕ್ಕವಳಿಗೆ ಎಷ್ಟು ಕೊಟ್ಟಿದ್ದೆವೆಂಬ ನೆನಪಿಲ್ಲದೆ 31 ಹಾಕಿದರೆ, ತಾಯಿ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಬೆಲೆಗಳು ಏರಿವೆಯೆಂದು ಚಿಕ್ಕವಳಿಗೆ ಹೆಚ್ಚಿಸಬೇಕೇ ಎಂದರೆ, ಬೇಡವೆಂಬುದು ನನ್ನ ಅಭಿಪ್ರಾಯ. ಒಂದೇ ಮನೆಯ ಮಕ್ಕಳಿಗೆ ಒಂದೇ ಮೊತ್ತವಿರಲಿ, ಏರಿಕೆಯನ್ನು ಹೊಸ ಮನೆಯಿಂದ ಆರಂಭಿಸಿ. ಅವಳಿ ಮಕ್ಕಳಿಗೆ ಒಂದೇ ಕಾರ್ಡಿನಲ್ಲಿ ಇಬ್ಬರ ಹೆಸರು ಬರೆದು ಕೈತೊಳೆದುಕೊಳ್ಳಬಾರದು. ಹದಿನೆಂಟು ವರ್ಷ ಎಲ್ಲವನ್ನೂ ಹಂಚಿಕೊಂಡೇ ಬೆಳೆದವರಿಗೆ ಅವರವರ ಹೆಸರಿನ ಕವರು ಬೇರೆಬೇರೆಯಾಗಿಯೇ ಸಲ್ಲಬೇಕು.

ನಗದೋ ಚೆಕ್ಕೋ ವಸ್ತುವೋ ಎಂಬ ಪ್ರಶ್ನೆಗೆ ಉತ್ತರ ಸರಳ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ ನಡೆಸುತ್ತ ಬಂದಿರುವ ಸಮೀಕ್ಷೆಗಳಲ್ಲಿ ಈ ಸಂದರ್ಭದ ಉಡುಗೊರೆಯಾಗಿ ನಗದೇ ಮುಂದಿರುತ್ತದೆ, ಮಕ್ಕಳು ಬಯಸುವುದೂ ಅದನ್ನೇ. ಕೈಗೇ ಕೊಡುವುದಾದರೆ ಹೊಸ ನೋಟುಗಳು ಚೆಂದ. ಅಂಚೆಯಲ್ಲಿ ಕಳುಹಿಸುವುದಾದರೆ ಚೆಕ್ಕೇ ಆಗಬೇಕು. ಚೆಕ್ ಬರೆಯುವಾಗ ನಮ್ಮವರು ಎರಡು ಕಡೆ ಎಚ್ಚರ ವಹಿಸಬೇಕು. ಮೊದಲನೆಯದು ಹೆಸರು. ನಾವೆಲ್ಲ ಬಾಯಿತುಂಬ ಕರೆಯುವ ಪುಟ್ಟ, ಚಿನ್ನು, ಅಮ್ಮು ಎಂಬುವರು ಬ್ಯಾಂಕಿನಲ್ಲಿ ಇಲ್ಲ. ಖಾತೆಯಲ್ಲಿರುವ ಹೆಸರನ್ನು ತಾಯಿಯಿಂದ ಮೊದಲೇ ಕೇಳಿ, ಅಕ್ಷರ ತಪ್ಪದಂತೆ ಬರೆಯಬೇಕು. ಎರಡನೆಯದು ತಾರೀಖು. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜೂನ್ 7 ಎಂದುಕೊಂಡು ನಮ್ಮ ರೂಢಿಯಂತೆ 7/6 ಎಂದು ಬರೆದರೆ ಅದು ಜುಲೈ 6 ಆಗಿ, ಮುಂದಿನ ತಾರೀಖಿನ ಚೆಕ್ ಕೊಟ್ಟಂತಾಗುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಗೊಂದಲವಿರುವುದಿಲ್ಲ. ಆರು ತಿಂಗಳು ದಾಟಿದ ಚೆಕ್ಕನ್ನು ಬ್ಯಾಂಕುಗಳು ಸ್ವೀಕರಿಸಲೇಬೇಕೆಂದಿಲ್ಲವಾದ್ದರಿಂದ, ಪುಸ್ತಕದ ನಡುವೆ ಚೆಕ್ ಇಟ್ಟು ಮರೆಯುವ ಸ್ವಭಾವದ ಮಕ್ಕಳಿಗೆ ಒಮ್ಮೆ ನೆನಪಿಸಿದರೆ ತಪ್ಪಿಲ್ಲ. ಊರಿನಿಂದ ತಂದ, ಒಂದು ರೂಪಾಯಿಯ ನಾಣ್ಯ ಅಂಟಿಸಿದ ಮುಯ್ಯಿ ಕವರುಗಳನ್ನು ಕೈಗೆ ಕೊಡುವಾಗ ಬಳಸಿ, ಅಂಚೆಗೆ ಹಾಕಬೇಡಿ. ನಾಣ್ಯದ ಉಬ್ಬು ಇರುವ ಕಾಗದವನ್ನು ಇಲ್ಲಿನ ಅಂಚೆಯ ಯಂತ್ರಗಳು ಒಪ್ಪುವುದಿಲ್ಲ, ಹೆಚ್ಚಿನ ದರ ತೆರಬೇಕಾಗುತ್ತದೆ. ಎಲ್ಲಿ ಬೇಕಾದರೂ ಬಳಸಬಹುದಾದ ವೀಸಾ ಗಿಫ್ಟ್ ಕಾರ್ಡು ಕೊಳ್ಳುವಾಗ ಅಂಗಡಿಯವರು ಮೇಲೆ ಕೆಲವು ಡಾಲರ್ ಶುಲ್ಕ ಹಾಕುತ್ತಾರೆ. 25 ಡಾಲರಿನ ಉಡುಗೊರೆಗೆ ಆ ಶುಲ್ಕ ಕೊಡುವುದು ದಂಡ.

ವಸ್ತುವನ್ನೇ ಕೊಡಬೇಕೆಂಬ ಮನಸ್ಸಿದ್ದರೆ ಆ ಮಗು ಆಗಸ್ಟಿನಲ್ಲಿ ಹೋಗಿ ಇರಲಿರುವ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಬ್ಬರಿಗೆ ಒಂದು ಕೋಣೆ, ತಲಾ ಒಂದು ಮಂಚ, ಒಂದು ಮೇಜು, ಒಂದು ಕಿರಿದಾದ ಬೀರು. ಹೆಚ್ಚಿನ ಹಾಸ್ಟೆಲುಗಳ ಹಾಸಿಗೆ ಟ್ವಿನ್ ಎಕ್ಸ್‌ಎಲ್ ಅಳತೆಯದು. ಅಗಲ 38 ಇಂಚು, ಉದ್ದ 80 ಇಂಚು. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು 75 ಇಂಚಿನ ಸಾಮಾನ್ಯ ಟ್ವಿನ್ ಮಗ್ಗುಲುಹಾಸನ್ನು ಕೊಟ್ಟರೆ, ಒಂದು ಮೂಲೆಗೆ ಸಿಕ್ಕಿಸುವಷ್ಟರಲ್ಲಿ ಇನ್ನೊಂದು ಮೂಲೆ ಕಿತ್ತುಕೊಂಡು ಬರುತ್ತದೆ. ಮಗು ಅನ್ನಸಾರಿಲ್ಲದೆ ಸೊರಗೀತೆಂದು ಅನ್ನದ ಕುಕ್ಕರ್ ಕೊಡುವ ಅಜ್ಜಿಯರು ಅನೇಕರಿದ್ದಾರೆ. ಬಹಳಷ್ಟು ಹಾಸ್ಟೆಲುಗಳು ಕೋಣೆಯಲ್ಲಿ ಅಡುಗೆಯ ವಿದ್ಯುತ್ ಉಪಕರಣಗಳನ್ನು ಇಡಗೊಡುವುದಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ಎತ್ತಿಕೊಂಡು ಹೋಗುತ್ತಾರೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಸಣ್ಣ ಡಬ್ಬಿಗಳಿಗೆ ಆ ತೊಂದರೆಯಿಲ್ಲ. ನಗದಿನ ಜೊತೆಗೆ ಅವು ಹೋದರೆ ಕೊಟ್ಟವರ ನೆನಪು ಹೆಚ್ಚು ದಿನ ಇರುತ್ತದೆ. ಚಿನ್ನದ ಸರ, ಉಂಗುರಗಳನ್ನು ಈ ಹೊತ್ತಿನಲ್ಲಿ ಮಗುವಿನ ಕೈಗೆ ಕೊಡುವುದು ಸಲ್ಲದು. ಬೀಗವಿಲ್ಲದ ಬೀರುವಿಗಿಂತ ತಾಯಿಯ ಲಾಕರ್ ಅದಕ್ಕೆ ತಕ್ಕ ಜಾಗ.

ಇನ್ನು ಅಜ್ಜ ಅಜ್ಜಿಯರ ಮಾತು. ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ 100 ಡಾಲರನ್ನು ಬ್ಯಾಂಕಿನ ಮೂಲಕ ಕಳುಹಿಸಲು ಹೋದರೆ ಶುಲ್ಕಕ್ಕೂ ವಿನಿಮಯದ ಅಂತರಕ್ಕೂ ಒಂದು ಪಾಲು ಸೋರಿಹೋಗುತ್ತದೆ. ಮೊಮ್ಮಗು ಮುಂದಿನ ಸಲ ಊರಿಗೆ ಬಂದಾಗ ರೂಪಾಯಿಯಲ್ಲಿಯೇ ಕೊಡುವುದು ಲೇಸು. ಇಲ್ಲಿಯೇ ಇದ್ದು, ಸಾವಿರಗಳ ಲೆಕ್ಕದಲ್ಲಿ ಕೊಡಬೇಕೆಂದಿರುವವರು ತೆರಿಗೆಗೆ ಅಂಜಬೇಕಾಗಿಲ್ಲ: 2025ರ ಮಿತಿಯಂತೆ ವರ್ಷಕ್ಕೆ ಒಬ್ಬರು ಒಬ್ಬರಿಗೆ 19,000 ಡಾಲರುಗಳವರೆಗೆ ಕೊಟ್ಟರೆ ಉಡುಗೊರೆ ತೆರಿಗೆಯ ರಿಟರ್ನ್ ಸಲ್ಲಿಸುವ ಅಗತ್ಯವೂ ಇಲ್ಲ, ಪಡೆದವರು ಅದಕ್ಕೆ ಆದಾಯ ತೆರಿಗೆ ಕಟ್ಟುವಂತೆಯೂ ಇಲ್ಲ. ನೋಡಬೇಕಾದದ್ದು ಹಣ ಯಾರ ಹೆಸರಿನಲ್ಲಿ ಕೂರುತ್ತದೆ ಎಂಬುದನ್ನು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದು, ಆದಾಯ ಕಡಿಮೆಯಾದ್ದರಿಂದ ಸರ್ಕಾರದ ವಿದ್ಯಾರ್ಥಿ ನೆರವಿಗೆ ಫಾಫ್ಸಾ ಅರ್ಜಿ ಹಾಕುವ ಮನೆಯಾದರೆ, ಮಗುವಿನ ಸ್ವಂತ ಖಾತೆಯಲ್ಲಿರುವ ಉಳಿತಾಯದ ಶೇಕಡಾ 20ರಷ್ಟನ್ನು ಓದಿಗೆ ಸಿಗುವ ಹಣವೆಂದು ಎಣಿಸುತ್ತಾರೆ. ತಂದೆತಾಯಿಯ ಉಳಿತಾಯದಲ್ಲಿ ಹಾಗೆ ಎಣಿಸುವುದು ಹೆಚ್ಚೆಂದರೆ ಶೇಕಡಾ 5.64. ಜೂನಿನಲ್ಲಿ ಪ್ರೀತಿಯಿಂದ ಮೊಮ್ಮಗಳ ಖಾತೆಗೆ ಹಾಕಿದ 5,000 ಡಾಲರ್, ಮುಂದಿನ ವರ್ಷದ ಅರ್ಜಿ ತುಂಬುವ ದಿನವೂ ಅಲ್ಲಿಯೇ ಇದ್ದರೆ, ಅವಳಿಗೆ ಸಿಗಬಹುದಾದ ನೆರವನ್ನು ತಗ್ಗಿಸೀತು. ಮಕ್ಕಳ ಓದಿಗೆಂದು ಹಣ ಕೂಡಿಡಲು ತಂದೆತಾಯಿ ಈಗಾಗಲೇ ತೆರೆದಿರುವ ‘529’ ಎಂಬ ಶಿಕ್ಷಣ ಖಾತೆಗೆ ಹಾಕುವುದೋ, ಮೊದಲ ಸೆಮಿಸ್ಟರಿನ ಶುಲ್ಕಕ್ಕೆ ನೇರವಾಗಿ ಕಟ್ಟುವುದೋ ಜಾಣತನ. ಕಾಲೇಜು ಎರಡು ತಿಂಗಳಲ್ಲಿ ಆರಂಭವಾಗಲಿರುವಾಗ 529ಕ್ಕೆ ಹಾಕಿದ ಹಣ ಬೆಳೆಯಲು ಹೆಚ್ಚು ಕಾಲವಿರುವುದಿಲ್ಲವೆಂಬುದೂ ತಿಳಿದಿರಲಿ. ಹೊಸದಾಗಿ ಖಾತೆ ತೆರೆಯುವ ಉತ್ಸಾಹವನ್ನು ಒಂಬತ್ತನೆಯ ತರಗತಿಯಲ್ಲಿರುವ ತಂಗಿಯ ಹೆಸರಿನಲ್ಲಿ ತೋರಿಸಬಹುದು.

ತಂದೆತಾಯಿಗೆ ಹೇಳಬೇಕಾದದ್ದು ಕಡಿಮೆ. ಟೋಪಿ, ನಿಲುವಂಗಿ, ಶಾಲೆಯ ವರ್ಷದ ನೆನಪಿನ ಪುಸ್ತಕ (ಇಯರ್‌ಬುಕ್), ಪ್ರಾಮ್ ಎಂಬ ಶಾಲೆಯ ನೃತ್ಯಕೂಟದ ಉಡುಪು, ಫೋಟೋಗಾರ, ಓಪನ್ ಹೌಸಿನ ಊಟ ಎಲ್ಲಕ್ಕೂ ಆಗಲೇ ತೆತ್ತಿರುವ ನೀವು, ಇನ್ನೊಂದು ಉಡುಗೊರೆ ಕೊಡದಿದ್ದರೂ ನಡೆಯುತ್ತದೆ. ಕಾಲೇಜಿಗೆ ಹೇಗಿದ್ದರೂ ಬೇಕಾಗುವ ಲ್ಯಾಪ್‌ಟಾಪನ್ನೇ ಉಡುಗೊರೆಯೆಂದು ಕೊಟ್ಟರೆ ಎರಡೂ ಒಂದೇ ಖರ್ಚಿನಲ್ಲಿ ಮುಗಿಯುತ್ತವೆ. ಬಂದ ಕವರುಗಳ ಒಟ್ಟು ಮೊತ್ತವನ್ನು ಊಟದ ಖರ್ಚಿನ ಪಕ್ಕದಲ್ಲಿಟ್ಟು ಲಾಭನಷ್ಟ ನೋಡಬೇಡಿ. ಆ ಹಣ ಮಗುವಿನದು.

ಸಮಾರಂಭಕ್ಕೆ ಹೋಗಲಾಗದಿದ್ದವರು ತಡವಾಯಿತೆಂದು ಬಿಟ್ಟುಬಿಡಬೇಕಾಗಿಲ್ಲ. ಬೇಸಿಗೆ ಮುಗಿಯುವವರೆಗೂ ಕಳುಹಿಸಬಹುದು. ಆಗಸ್ಟ್ ಕೊನೆಯ ಹೊತ್ತಿಗೆ ಮಕ್ಕಳು ಹಾಸ್ಟೆಲಿಗೆ ಹೊರಟುಹೋಗುವುದರಿಂದ, ಆಮೇಲೆ ಕಳುಹಿಸುವುದಾದರೆ ತಂದೆತಾಯಿಯ ಮನೆಯ ವಿಳಾಸಕ್ಕೇ ಕಳುಹಿಸಿ. ಕಾರ್ಡಿನ ಒಳಗೆ ನಿಮ್ಮ ಪೂರ್ತಿ ಹೆಸರು, ವಿಳಾಸಗಳನ್ನು ಬಿಡಿಸಿ ಬರೆಯಿರಿ. ಧನ್ಯವಾದದ ಪತ್ರ ಬರೆಯಲು ಕೂರುವ ಹುಡುಗನಿಗೆ ‘ಶಾಂತಾ ಆಂಟಿ’ ಎಂದಷ್ಟೇ ಬರೆದಿರುವ ಕಾರ್ಡು, ಬಳಗದಲ್ಲಿ ನಾಲ್ಕು ಜನ ಶಾಂತಾ ಆಂಟಿಯರಿರುವಾಗ, ಯಾರದೆಂದು ತಿಳಿಯುವುದಿಲ್ಲ.