ಹೊಟ್ಟೆಯ ಬ್ಯಾಕ್ಟೀರಿಯಾ: 14 ದಿನದ ಕೋರ್ಸ್ ಪೂರ್ತಿ ಮಾಡುವುದು ಹೇಗೆ?

ಉಂಡ ಕೂಡಲೇ ಹೊಟ್ಟೆ ಉಬ್ಬರ, ಹುಳಿತೇಗು, ಎದೆಗೂಡಿನ ಕೆಳಗೆ ಉರಿ. ತಿಂಗಳುಗಟ್ಟಲೆ ಹೀಗಿದ್ದರೂ ಬಹಳ ಜನ ಮೆಡಿಕಲ್ ಶಾಪಿನಲ್ಲಿ ‘ಗ್ಯಾಸ್ ಮಾತ್ರೆ’ ಕೇಳಿ ನುಂಗಿ ಸುಮ್ಮನಾಗುತ್ತಾರೆ. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಆ ಮಾತ್ರೆ ಉರಿಯನ್ನಷ್ಟೇ ತಗ್ಗಿಸುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಇರುತ್ತದೆ. ಈ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ್ದಕ್ಕೆ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಕ್ತವಾಂತಿಯಾದರೆ ಮುಂದೆ ಓದಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.

ಹೆಜ್ಜೆ 1: ಪರೀಕ್ಷೆ. ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜನ್ ಪರೀಕ್ಷೆ (ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವುದು) ಸಾಕು. ರಕ್ತದ ಆಂಟಿಬಾಡಿ ಪರೀಕ್ಷೆಗೆ ದುಡ್ಡು ಹಾಕಬೇಡಿ. ಹಿಂದೆಂದೋ ಬಂದು ಹೋದ ಸೋಂಕಿಗೂ ಅದು ಪಾಸಿಟಿವ್ ತೋರಿಸಬಹುದು. ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು 2 ವಾರ, ಆಂಟಿಬಯೋಟಿಕ್ ಮತ್ತು ಬಿಸ್ಮತ್ (ಹೊಟ್ಟೆಗೆ ಕೊಡುವ ಒಂದು ಔಷಧಿ) ಅನ್ನು 4 ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ನಿಲ್ಲಿಸುವ ಮುನ್ನ ಡಾಕ್ಟರನ್ನು ಕೇಳಿ.

ಹೆಜ್ಜೆ 2: ಕೋರ್ಸ್. ಜನ ಎಡವುವುದು ಇಲ್ಲೇ. ಪರೀಕ್ಷೆ ಪಾಸಿಟಿವ್ ಬಂದರೆ ಡಾಕ್ಟರ್ ಬರೆದುಕೊಡುವ 14 ದಿನದ ಬಿಸ್ಮತ್ ಕೋರ್ಸಿನಲ್ಲಿ ನಾಲ್ಕು ಬಗೆಯ ಔಷಧಿ: ಆಸಿಡ್ ಕಡಿಮೆ ಮಾಡುವ ಮಾತ್ರೆ, ಬಿಸ್ಮತ್, ಮೆಟ್ರೊನಿಡಜೋಲ್, ಟೆಟ್ರಾಸೈಕ್ಲಿನ್. ಆಸಿಡ್ ಮಾತ್ರೆ ತಿಂಡಿಗೂ ರಾತ್ರಿಯೂಟಕ್ಕೂ ಅರ್ಧ ಗಂಟೆ ಮೊದಲು. ಉಳಿದವು ಸಾಮಾನ್ಯವಾಗಿ ದಿನಕ್ಕೆ ಮೂರು-ನಾಲ್ಕು ಸಲ, ಚೀಟಿಯಲ್ಲಿ ಬರೆದಂತೆ. ಟೆಟ್ರಾಸೈಕ್ಲಿನ್ ಜೊತೆ ಹಾಲು, ಮೊಸರು, ಕಬ್ಬಿಣದ ಮಾತ್ರೆ ಬೇಡ, ಅವು ಔಷಧಿ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಕೋರ್ಸ್ ನಡೆಯುವಾಗ ಮದ್ಯ ಮುಟ್ಟಲೇಬೇಡಿ. ಗರ್ಭಿಣಿಯಾಗಿದ್ದರೆ, ಯಾವುದೇ ಔಷಧಿಯ ಅಲರ್ಜಿ ಇದ್ದರೆ ಮೊದಲೇ ಹೇಳಿ, ಡಾಕ್ಟರ್ ಬೇರೆ ದಾರಿ ನೋಡುತ್ತಾರೆ.

ಶುರುವಾದ ಕೆಲವೇ ದಿನಕ್ಕೆ ಬಾಯಲ್ಲಿ ಲೋಹದ ರುಚಿ, ನಾಲಿಗೆ ಕಪ್ಪು, ಮಲವೂ ಕಪ್ಪು. ಲೋಹದ ರುಚಿ ಹೆಚ್ಚಾಗಿ ಮೆಟ್ರೊನಿಡಜೋಲ್‌ನಿಂದ, ಕಪ್ಪು ಬಣ್ಣ ಬಿಸ್ಮತ್‌ನಿಂದ, ಕೋರ್ಸ್ ಮುಗಿದ ಮೇಲೆ ಎರಡೂ ಹೋಗುತ್ತವೆ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿದ್ದರೆ ಅಥವಾ ತಲೆ ಸುತ್ತಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ವಾಕರಿಕೆಗೆ ಹೆದರಿ ಕೋರ್ಸ್ ಬಿಡುವವರೂ ಇದ್ದಾರೆ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಅದೇ ಔಷಧಿಗೆ ಬಗ್ಗದಂತಾಗಬಹುದು. ಬಿಡುವ ಬದಲು ಡಾಕ್ಟರಿಗೆ ಫೋನ್ ಮಾಡಿ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಗೆರೆ ಎಳೆದು, ನುಂಗಿದ ಕೂಡಲೇ ಟಿಕ್ ಹಾಕಿ. ಮೊಬೈಲ್ ಅಲಾರಂ ಸಾಲದು, ಆಫ್ ಮಾಡಿ ಮರೆತುಬಿಡುತ್ತೇವೆ ಅಲ್ವಾ?

ಹೆಜ್ಜೆ 3: ಮರುಪರೀಕ್ಷೆ. ಕೋರ್ಸ್ ಮುಗಿದು ಕನಿಷ್ಠ 4 ವಾರವಾದ ಮೇಲೆ ಮಾಡಿಸಿ. ಉರಿ ಕಡಿಮೆಯಾಯಿತು ಅಂತ ಇದನ್ನು ತಪ್ಪಿಸಬೇಡಿ. ನೆಗೆಟಿವ್ ಬಂದರೂ ಅಜೀರ್ಣ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. ಕೆಲವರಿಗೆ ಕಾರಣವೇ ಬೇರೆ ಇರುತ್ತದೆ. ಪಾಸಿಟಿವ್ ಬಂದರೆ ಮೊದಲಿನ ಚೀಟಿ ತೆಗೆದುಕೊಂಡು ಹೋಗಿ. ಈ ಸಲ ಯಾವ ಆಂಟಿಬಯೋಟಿಕ್ ಬದಲಿಸಬೇಕು ಎಂದು ಡಾಕ್ಟರ್ ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.