ಹಿತ್ತಲ ಬಾಗ್ಲು ನಾನೇ ಬದ್ಲಾಯಿಸ್ದೆ, ಅಳತೆಯಿಂದ ಕೊನೇ ಸ್ಕ್ರೂವರೆಗೂ

ನಮ್ಮನೆ ಹಿತ್ತಲ ಬಾಗ್ಲು ಮೂರು ಮಳೆಗಾಲದಿಂದ ಕಾಟ ಕೊಡ್ತಿತ್ತು. ಬೇಸಿಗೇಲಿ ಸಲೀಸಾಗಿ ಮುಚ್ಕೊಳತ್ತೆ, ಮಳೆ ಶುರುವಾಯ್ತು ಅಂದ್ರೆ ಹೆಗಲು ಕೊಟ್ಟು ನೂಕ್ಬೇಕು, ಚಿಲಕ ಹಾಕೋಕೆ ಒಂದು ಕೈಲಿ ಕದ ಎತ್ತಿ ಹಿಡ್ಕೋಬೇಕು. ಪ್ರತಿ ವರ್ಷ ಉಜ್ಜೋ ಕಡೆ ತೋಪಡ (ಮರ ಹೆರೆಯೋ ಉಪಕರಣ) ಹೊಡ್ದು ಹೊಡ್ದು, ಬೇಸಿಗೇಲಿ ಬೆರಳು ತೂರೋಷ್ಟು ಸಂದಿ ಆಗಿಬಿಟ್ಟಿತ್ತು.

ಈ ಸಲ ಕದ ಕಳಚಿ ನೆಲದ ಮೇಲೆ ಮಲಗಿಸ್ದಾಗ ಕಾರಣ ಕಣ್ಣಿಗೆ ಬಿತ್ತು. ಹಿಂದೆ ಮುಂದೆ ಪೇಂಟ್ ಚೆನ್ನಾಗೇ ಇದೆ, ಕೆಳಗಿನ ಅಂಚಿಗೆ ಮಾತ್ರ ಒಂದು ಕೈ ಬಣ್ಣಾನೂ ಮುಟ್ಟಿಲ್ಲ. ಕಪ್ಪಗಾಗಿ ಪ್ಲೈ ಪದರ ಎಲ್ಲಾ ಹಳೇ ಪುಸ್ತಕದ ಹಾಳೆ ಥರ ಬಿಚ್ಕೊಂಡಿದ್ವು, ಉಳಿ ಒತ್ತಿದ್ರೆ ನೆನೆದ ರಟ್ಟಿಗೆ ಚುಚ್ಚಿದಂಗೆ ಒಂದೂವರೆ ಇಂಚು ಒಳಗೆ ಹೋಯ್ತು. ಕದದ ಅಂಚಲ್ಲಿರೋ ಪಟ್ಟಿ ಮರದ ನಾರು ಮೇಲಿಂದ ಕೆಳಕ್ಕೆ ಹೋಗಿರತ್ತೆ, ಹಂಗಾಗಿ ಕತ್ತರಿಸಿದ ಆ ತುದಿ ನೀರು ಹೀರೋಷ್ಟು ಮರದ ಇನ್ಯಾವ ಮುಖಾನೂ ಹೀರಲ್ಲ, ಹೀರಿದ್ಮೇಲೆ ಮರ ಉದ್ದಕ್ಕೆ ಬೆಳೆಯೋದು ತೀರಾ ಕಮ್ಮಿ, ಉಬ್ಬೋದೆಲ್ಲಾ ಅಗಲಕ್ಕೆ. ಇಷ್ಟು ವರ್ಷ ನಾನು ತೋಪಡ ಹೊಡೀತಿದ್ದಿದ್ದು ಪಕ್ಕಕ್ಕೆ, ರೋಗ ಇದ್ದಿದ್ದು ಬುಡದಲ್ಲಿ.

ಚೌಕಟ್ಟನ್ನ ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಚುಚ್ಚಿ ನೋಡ್ದೆ, ಹೊಸ್ತಿಲ ಹತ್ರಾನೂ ಗಟ್ಟಿ ಇತ್ತು. ಹಂಗಾಗಿ ಕದ ಒಂದನ್ನೇ ಬದ್ಲಾಯಿಸೋದು ಅಂತ ತೀರ್ಮಾನ.

ಅಳತೆ ವಿಷಯದಲ್ಲಿ ದಯವಿಟ್ಟು ಹಳೇ ಕದಾನ ಅಳೀಬೇಡಿ. ಅದು ಉಬ್ಬಿರತ್ತೆ, ಸವೆದಿರತ್ತೆ, ಅದರ ಅಳತೆ ಸುಳ್ಳು. ಚೌಕಟ್ಟನ್ನೇ ಅಳೀಬೇಕು, ಅಗಲ ಮೇಲೆ ನಡುವೆ ಕೆಳಗೆ ಮೂರು ಕಡೆ, ಎತ್ತರ ಎರಡೂ ಪಕ್ಕ, ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಸಲ. ಮೂಲೆ ಅಳತೆ ಎರಡೂ ಒಂದೇ ಬಂದ್ರೆ ಚೌಕಟ್ಟು ಮೂಲೆಮಟ್ಟಕ್ಕೆ ಇದೆ ಅಂತ. ನಮ್ಮದ್ರಲ್ಲಿ ನಡುವೆ ಅಗಲ ಮೇಲಿಗಿಂತ 4 ಎಂಎಂ ಕಮ್ಮಿ ಇತ್ತು, ಒಂದು ಪಕ್ಕದ ಕಂಬ ಹೊಟ್ಟೆ ಬಿಟ್ಟಿದೆ. ಅತಿ ಕಮ್ಮಿ ಬಂದ ಅಗಲ ಹಿಡ್ಕೊಂಡು ಅದ್ರಲ್ಲಿ ಎರಡು ಪಕ್ಕಕ್ಕೆ ಒಂದೊಂದು ನೂಲು, ಅಂದ್ರೆ ಹೆಚ್ಚುಕಮ್ಮಿ 3 ಎಂಎಂ, ಕಳೆದೆ. ಮೇಲೂ ಅಷ್ಟೇ ಸಂದಿ, ಕೆಳಗೆ 8 ಎಂಎಂ. ಇನ್ನೊಂದು, ಚೌಕಟ್ಟಲ್ಲಿ ಕದ ಕೂರೋ ಕಚ್ಚಿನ ಆಳಾನೂ ನೋಡ್ಕೊಳಿ, ನಮ್ಮದು 35 ಎಂಎಂ, ಹೊಸ ಫ್ಲಶ್ ಡೋರ್ (ಎರಡೂ ಮುಖ ಸಮತಟ್ಟಾಗಿರೋ ಕದ) ಕೂಡ ಅಷ್ಟೇ ದಪ್ಪದ್ದು ತಂದಿದ್ದು.

ಫ್ಲಶ್ ಡೋರನ್ನ ಮನಸ್ಸಿಗೆ ಬಂದಷ್ಟು ಕೊಯ್ಯೋ ಹಾಗಿಲ್ಲ, ಸುತ್ತ ಅಂಚಲ್ಲಿರೋ ಗಟ್ಟಿ ಮರದ ಪಟ್ಟೀನೇ ಅದರ ಬಲ, ಅದನ್ನ ಕೊಯ್ದುಬಿಟ್ರೆ ಸ್ಕ್ರೂಗೆ ಹಿಡಿತ ಸಿಗಲ್ಲ. ಅಳತೆಗೆ ಹತ್ರದ್ದೇ ತಗೊಂಡು ಸ್ವಲ್ಪ ಮಾತ್ರ ತೆಗೀಬೇಕು. ಕೊಯ್ಯೋ ಗೆರೆ ಮೇಲೆ ಟೇಪ್ ಅಂಟಿಸಿ ಚಾಕುವಿಂದ ಗೀರಿ ಆಮೇಲೆ ಗರಗಸ ಹಾಕ್ದೆ, ಮೇಲಿನ ವೆನೀರ್, ಅಂದ್ರೆ ತೆಳು ಮರದ ಪದರ, ಕಿತ್ಕೊಂಡು ಬರ್ಲಿಲ್ಲ. ಚಿಲಕದ ಕಡೆ ಅಂಚನ್ನ ನೆಟ್ಟಗೆ ಬಿಡದೆ, ಮುಚ್ಚುವಾಗ ಮೊದಲು ಒಳಗೆ ಹೋಗೋ ಮೂಲೆ ಕಡೆಗೆ 2 ಎಂಎಂ ಇಳಿಜಾರು ಕೊಟ್ಟೆ, ಇಲ್ದಿದ್ರೆ ಆ ಮೂಲೆ ಚೌಕಟ್ಟಿಗೆ ತಗಲತ್ತೆ.

ಈಗ ಹಿಂಜಿಗೆ ಬರ್ತೀನಿ, ನನ್ನ ಪ್ರಕಾರ ಇಡೀ ಕೆಲಸದ ಜೀವ ಇದೇ. ಕದ ಚೌಕಟ್ಟಲ್ಲಿ ನಿಲ್ಲಿಸಿ, ಕೆಳಗೆ ಬೆಣೆ ಕೊಟ್ಟು ಸರಿಯಾದ ಎತ್ತರಕ್ಕೆ ತಂದು, ಚೌಕಟ್ಟಲ್ಲಿ ಹಳೇ ಹಿಂಜ್ ಕೂತಿದ್ದ ಜಾಗಾನೇ ಕದಕ್ಕೆ ಗುರುತು ಹಾಕ್ದೆ, ಮೂರು ಹಿಂಜು, ನಾಲ್ಕು ಇಂಚಿಂದು. ಹಳೇ ಸ್ಕ್ರೂ ತೂತೆಲ್ಲಾ ಸಡಿಲ ಆಗಿದ್ವು, ಮರದ ಕಡ್ಡಿ ಅಂಟಲ್ಲಿ ಅದ್ದಿ ಬಡಿದು ಒಂದು ರಾತ್ರಿ ಒಣಗೋಕೆ ಬಿಟ್ಟು ಬೆಳಿಗ್ಗೆ ಸಮ ಕೊಯ್ದೆ. ಕದದಲ್ಲಿ ಹಿಂಜ್ ಎಲೆ (ಸ್ಕ್ರೂ ಹಾಕೋ ಚಪ್ಪಟೆ ತಗಡು) ಎಷ್ಟು ದಪ್ಪವೋ ಅಷ್ಟೇ ಆಳ ಉಳಿಯಿಂದ ತೆಗೀಬೇಕು, ಮೊದ್ಲು ಸುತ್ತ ಚಾಕು ಗೆರೆ, ಆಮೇಲೆ ಅರ್ಧ ಸೆಂಟಿಮೀಟರಿಗೊಂದು ಅಡ್ಡ ಏಟು, ಆಮೇಲೆ ಪಕ್ಕದಿಂದ ತೆಳ್ಳಗೆ ಹೆರೆಯೋದು.

ನಾನು ತಪ್ಪಿದ್ದು ಇಲ್ಲೇ. ನಡುವಿನ ಹಿಂಜಿಗೆ ಉಳಿ ಒಂದು ಎಂಎಂ ಜಾಸ್ತಿ ಇಳೀತು, ಏನಾಗತ್ತೆ ಬಿಡು ಅಂತ ಸ್ಕ್ರೂ ಹಾಕ್ಬಿಟ್ಟೆ. ನನ್ನ ತಮ್ಮ ಕದ ಎತ್ತಿ ಹಿಡ್ಕೊಂಡ, ಮೂರಕ್ಕೂ ಬಿಗಿದೆ, ಮುಚ್ಚಿದ್ರೆ ಕೊನೇ ಒಂದು ಇಂಚಲ್ಲಿ ಸ್ಪ್ರಿಂಗ್ ಥರ ವಾಪಸ್ ತಳ್ಳತ್ತೆ! ಎಲ್ಲೂ ಉಜ್ತಾ ಇಲ್ಲ, ಆದ್ರೂ ಮುಚ್ಕೊಳ್ತಿಲ್ಲ. ತಮ್ಮ "ಅಣ್ಣಾ, ಇನ್ನೊಂಚೂರು ತೋಪಡ ಹೊಡಿಯೋಣ್ವಾ" ಅಂದ, ನಾನು ಬೇಡಪ್ಪಾ ತಡಿ ಅಂದೆ, ಪುಣ್ಯಕ್ಕೆ. ಮೂರು ಹಿಂಜಿನ ಕಡ್ಡಿ ಒಂದೇ ಗೆರೇಲಿ ಇಲ್ದಿದ್ರೆ ಒಂದನ್ನೊಂದು ಎಳೆದಾಡ್ತವೆ, ಅದೇ ಆಗಿದ್ದು. ನಡುವಿನದ್ದು ಬಿಚ್ಚಿ ತೆಳು ರಟ್ಟು ಒಂದು ತುಂಡು ಎಲೆ ಅಳತೆಗೆ ಕತ್ತರಿಸಿ ಅಡಿಗಿಟ್ಟು ಮತ್ತೆ ಬಿಗಿದೆ, ಒಂದೇ ಬೆರಳಿಗೆ ಮುಚ್ಕೊಳ್ತು.

ಅದಾದ್ಮೇಲೆ ನಾನು ಕಲಿತಿದ್ದು, ಮೊದ್ಲು ಪ್ರತಿ ಎಲೆಗೆ ಒಂದೇ ಸ್ಕ್ರೂ ಹಾಕಿ ಹತ್ತು ಸಲ ತೆಗೆದು ಮುಚ್ಚಿ ನೋಡಿ ಆಮೇಲೆ ಉಳಿದಿದ್ದು ಹಾಕ್ಬೇಕು. ಸ್ಕ್ರೂಗಿಂತ ಸಣ್ಣ ಡ್ರಿಲ್ ಬಿಟ್‌ನಲ್ಲಿ ಮೊದ್ಲೇ ತೂತು ಹೊಡೀರಿ, ಇಲ್ದಿದ್ರೆ ಅಂಚಿನ ಮರ ಸೀಳತ್ತೆ. ಮೇಲಿನ ಹಿಂಜಿಗೆ ಉದ್ದದ ಸ್ಕ್ರೂ ಬೇಕು, ಯಾಕಂದ್ರೆ ಕದದ ಭಾರ ಕೆಳಗಿನ ಹಿಂಜನ್ನ ಚೌಕಟ್ಟಿಗೆ ಒತ್ತತ್ತೆ, ಮೇಲಿನದನ್ನ ಚೌಕಟ್ಟಿಂದ ಕೀಳತ್ತೆ. ಬಾಗ್ಲು ಚಿಲಕದ ಕಡೆ ಜೋಲು ಬಿದ್ದು ಹೊಸ್ತಿಲಿಗೆ ಉಜ್ತಿದ್ರೆ ಮೊದ್ಲು ಮೇಲಿನ ಹಿಂಜಿನ ಸ್ಕ್ರೂ ನೋಡಿ, ಎಷ್ಟೋ ಸಲ ಅಷ್ಟೇ ಇರತ್ತೆ.

ಎಲ್ಲಾ ಸರಿ ಹೋದ್ಮೇಲೆ ಕದ ಮತ್ತೆ ಕಳಚ್ದೆ. ಮನೇಲಿ ಎಲ್ರೂ ಯಾಕೆ ಮತ್ತೆ ಅಂತ ಕೇಳಿದ್ರು. ಪೇಂಟ್ ಹೊಡೀಬೇಕಿತ್ತಲ್ಲ, ಆರೂ ಮುಖಕ್ಕೆ. ಕೆಳಗಿನ ಅಂಚಿಗೆ ಎರಡು ಕೈ ಪ್ರೈಮರ್, ಎರಡು ಕೈ ಎನಾಮಲ್, ಹಿಂಜಿಗೆ ಉಳಿ ಹಾಕಿದ ಗುಂಡಿಗೂ, ಟವರ್ ಬೋಲ್ಟ್ (ಉದ್ದ ಚಿಲಕ) ತೂತಿಗೂ ಬ್ರಶ್ ತುದಿಯಿಂದ ಪ್ರೈಮರ್ ತುಂಬಿಸ್ದೆ. ಪೂರ್ತಿ ಒಣಗೋಕೆ ಎರಡು ದಿನ ಬಿಟ್ವಿ, ಅಷ್ಟು ದಿನ ಹಿತ್ತಲಿಗೆ ಪ್ಲೈ ಹಲಗೆ ಅಡ್ಡ ಇಟ್ಕೊಂಡಿದ್ವಿ.

ಈ ಮಳೆಗಾಲ ಪೂರ್ತಿ ಹೆಗಲು ಕೊಡೋ ಕೆಲಸ ಬರ್ಲಿಲ್ಲ. ಮೊನ್ನೆ ಹೊಸ್ತಿಲ ಹತ್ರ ಸಣ್ಣ ಕನ್ನಡಿ ಇಟ್ಟು ಕದದ ಅಡಿ ನೋಡ್ದೆ, ಬಣ್ಣ ಎಲ್ಲೂ ಬಿಟ್ಟಿಲ್ಲ, ಒಂದು ಮೂಲೇಲಿ ಮಾತ್ರ ಕಲ್ಲು ತಾಗಿ ಗೀರಿತ್ತು, ಅಲ್ಲಿಗೆ ಸಂಜೇನೇ ಪ್ರೈಮರ್ ಹಚ್ಚಿದೆ.