ಪರದೆ ಆಗಾಗ ಕಪ್ಪಾಗುತ್ತಿದೆಯೇ? ಹೊಸ ಕಾರ್ಡ್ ತರುವ ಮುನ್ನ ಇಷ್ಟು ಮಾಡಿ

ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿರುತ್ತದೆ. ಇದ್ದಕ್ಕಿದ್ದಂತೆ ಪರದೆ ಕಪ್ಪು. ಒಮ್ಮೊಮ್ಮೆ ಎರಡು ಕ್ಷಣಕ್ಕೆ ತಾನಾಗಿಯೇ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ರಿಪೇರಿಯವರು ಬಂದು ಕೂತ ದಿನ ಮಾತ್ರ ಎಲ್ಲ ಸರಿ! ಪೂರ್ತಿ ಕೆಟ್ಟು ಕೂತ ಯಂತ್ರಕ್ಕಿಂತ ಹೀಗೆ ಆಗಾಗ ಕೈಕೊಡುವುದರ ಕಾಟವೇ ಜಾಸ್ತಿ. ಮುಂಬೈಯ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಈ ದೂರು ಕೇಳಿಬರುತ್ತದೆ. ‘ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹೋಗಿದೆ’ ಎಂದು ಯಾರೋ ಹೇಳುತ್ತಾರೆ, ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತೇವೆ, ಪರದೆ ಮತ್ತೆ ಕಪ್ಪಾಗುತ್ತದೆ. ಪರದೆ ಹೋದ ಆ ಹೊತ್ತಿನಲ್ಲಿ ಉಳಿದದ್ದೆಲ್ಲ ಏನು ಮಾಡುತ್ತಿತ್ತು ಎಂದು ಯಾರೂ ನೋಡಿರುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಕಪ್ಪಾದ ಕೂಡಲೇ

ಗಾಬರಿಯಿಂದ ಸ್ವಿಚ್ ಆರಿಸಬೇಡಿ. ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದೆಯೇ? ಹಾಡು ಹಾಕಿದ್ದರೆ ಇನ್ನೂ ಕೇಳಿಸುತ್ತಿದೆಯೇ? ಹಾಗಿದ್ದರೆ ಕಂಪ್ಯೂಟರ್ ಎಚ್ಚರವಾಗಿಯೇ ಇದೆ, ಹೋಗಿರುವುದು ಚಿತ್ರ ಮಾತ್ರ. ಎಷ್ಟು ಒತ್ತಿದರೂ ದೀಪ ಬದಲಾಗದಿದ್ದರೆ ಇಡೀ ಯಂತ್ರವೇ ನಿಂತಿದೆ ಎಂದರ್ಥ. ಆಗ ಅನುಮಾನ ಯಂತ್ರದ ತಾತ್ಕಾಲಿಕ ನೆನಪಾದ ರ್‍ಯಾಮ್, ಬಿಸಿ ಅಥವಾ ಪವರ್ ಸಪ್ಲೈ ಕಡೆಗೆ.

ಆಮೇಲೆ ಮಾನಿಟರಿನ ದೀಪ ನೋಡಿ. ಅದೂ ಆರಿದ್ದರೆ ಅದಕ್ಕೆ ಕರೆಂಟೇ ಬರುತ್ತಿಲ್ಲ. ಪಿನ್ನು ಸಡಿಲವಾದ ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಟ್ಟು, ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಿ ನೋಡಿ. ದೀಪ ಇದ್ದು, ‘ನೋ ಸಿಗ್ನಲ್’ ಎಂದು ಬರೆದು ಬಂದರೆ ಮಾನಿಟರ್ ಹೆಚ್ಚುಕಡಿಮೆ ಸರಿಯಾಗಿದೆ, ತಪ್ಪು ವೈರಿನದು ಇಲ್ಲವೇ ಸಿಪಿಯು ಡಬ್ಬದ್ದು. ದೀಪ ಇದೆ, ಪರದೆ ಮೇಲೆ ಏನೂ ಇಲ್ಲ ಎಂದಾದರೆ ಮಾನಿಟರಿನದೇ ಮೆನು ಬಟನ್ ಒತ್ತಿ. ಮೆನುವೂ ಮೂಡದಿದ್ದರೆ ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಐಕಾನ್‌ಗಳು ಮಸುಕಾಗಿ ಕಂಡರೆ ಹೋಗಿರುವುದು ಹಿಂದಿನ ಬ್ಯಾಕ್‌ಲೈಟ್. ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ. ಮಾನಿಟರ್ ಬಿಚ್ಚಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಒಂದು ಹಳೇ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಎಷ್ಟು ಗಂಟೆಗೆ ಹೋಯಿತು, ಆಗ ಏನು ಕೆಲಸ ನಡೆದಿತ್ತು, ಮನೆಯಲ್ಲಿ ಏನು ಆನ್ ಆಯಿತು ಅಂತ ಎರಡು ಸಾಲು ಬರೆಯಿರಿ. ಸುಮ್ನೆ ಅಲ್ಲ. ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿದಾಗೆಲ್ಲ ಪರದೆ ಮಿಟುಕಿದರೆ, ಆ ಎರಡು ಸಾಲೇ ಅರ್ಧ ಉತ್ತರ.

ಮೊದಲ ಅನುಮಾನ ವೈರಿನ ಮೇಲೆ

ಮುಂಬೈ ಫ್ಲ್ಯಾಟುಗಳಲ್ಲಿ ಟೇಬಲ್ಲಿಗೆ ಸಿಗುವುದು ಹಾಲಿನ ಒಂದು ಮೂಲೆ. ಸಿಪಿಯು ಡಬ್ಬವನ್ನು ಗೋಡೆಗೆ ಒತ್ತಿ ಇಡುತ್ತೇವೆ. ಹಿಂದೆ ಕೈ ಹಾಕಿ ನೋಡಿ: ಎಚ್‌ಡಿಎಂಐ ವೈರು ಪ್ಲಗ್ಗಿನ ಬುಡದಲ್ಲೇ ಗೋಡೆಗೆ ಒತ್ತಿ ಮಡಿಚಿಕೊಂಡಿರುತ್ತದೆ. ಗುಡಿಸುವಾಗ ಪೊರಕೆ ತಾಗಿದರೂ ಸಾಕು, ಪ್ಲಗ್ ಒಂದು ಕೂದಲಷ್ಟು ಹೊರಗೆ ಜಾರುತ್ತದೆ. ಎಚ್‌ಡಿಎಂಐಗೆ ಹಳೇ ವಿಜಿಎ ವೈರಿನ ಹಾಗೆ ಸ್ಕ್ರೂ ಇಲ್ಲ, ಬರೀ ಬಿಗಿಯ ಮೇಲೆ ನಿಂತಿರುವ ಪ್ಲಗ್ ಅದು.

ಎರಡೂ ತುದಿ ಬಿಚ್ಚಿ ಗಟ್ಟಿಯಾಗಿ ಹಾಕಿ. ಡಬ್ಬವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಈಗ ಪರದೆ ನೋಡುತ್ತಾ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಮಿಟುಕಿದರೆ ಕಳ್ಳ ಸಿಕ್ಕ. ಮಿಟುಕದಿದ್ದರೂ ಬೇರೆ ವೈರು ಹಾಕಿ ಒಂದೆರಡು ದಿನ ನೋಡುವುದು ಒಳ್ಳೆಯದು, ಸೆಟ್‌ಟಾಪ್ ಬಾಕ್ಸಿನದ್ದೇ ಆದರೂ ನಡೆದೀತು. ಮಾನಿಟರನ್ನು ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್‌ನಲ್ಲಿ ಓಡಿಸುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 60ಕ್ಕೆ ಇಳಿಸಿ. ಕಪ್ಪಾಗುವುದು ನಿಂತರೆ ಆ ವೈರಿಗೆ ಅಷ್ಟು ಮಾಹಿತಿ ಸಾಗಿಸುವ ತಾಕತ್ತಿಲ್ಲ ಎಂದೇ ಹೆಚ್ಚಿನ ಮಟ್ಟಿಗೆ ಹೇಳಬಹುದು.

ಇನ್ನೊಂದು ವಿಚಿತ್ರ. ಗ್ಯಾಸ್ ಸಿಲಿಂಡರಿನ ಆಫೀಸ್ ಕುರ್ಚಿಯಿಂದ ಎದ್ದಾಗ, ಕೂತಾಗ ಪರದೆ ಕ್ಷಣಕಾಲ ಹೋಗುವುದುಂಟು. ತಮಾಷೆ ಅಲ್ಲ, ಕುರ್ಚಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯಿಂದ ಹೊರಡುವ ಅಲೆ ವೈರಿನ ಸಿಗ್ನಲ್ ಕೆಡಿಸುತ್ತದೆ. ಒಳ್ಳೆಯ ಶೀಲ್ಡಿಂಗ್ (ಹೊರಗಿನ ಅಲೆ ತಡೆಯುವ ಹೊದಿಕೆ) ಇರುವ ಗಿಡ್ಡ ವೈರು ಹಾಕಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ವಿಂಡೋಸ್‌ನಲ್ಲಿ ನೋಡುವುದು

ಪರದೆ ಕಪ್ಪಾಗಿದ್ದಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಚಿತ್ರ ಮರಳಿ ಬಂದರೆ ಅನುಮಾನ ಡ್ರೈವರಿನ ಮೇಲೆ. ವಿಂಡೋಸ್ ತನ್ನ ದಿನಚರಿ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಪಟ್ಟಿಯಲ್ಲಿ, ನೋಟ್‌ಬುಕ್ಕಿನಲ್ಲಿ ಬರೆದ ಸಮಯಕ್ಕೆ ಸರಿಯಾಗಿ 4101 ಎಂಬ ಸಂಖ್ಯೆ ಇದೆಯೇ ನೋಡಿ. ಡ್ರೈವರ್ ನಿಂತು ಚೇತರಿಸಿಕೊಂಡಿದ್ದರ ಗುರುತು ಅದು. ಕರ್ನಲ್ ಪವರ್ 41 ಇದ್ದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ, ನೀವೇ ಸ್ವಿಚ್ ಆರಿಸಿದ್ದರೂ ಇದು ಬರುತ್ತದೆ. ಡ್ರೈವರನ್ನು ಕಾರ್ಡ್ ಕಂಪನಿಯ ತಾಣದಿಂದಲೇ ತಂದು ಹಾಕಿ. ತೊಂದರೆ ಶುರುವಾದದ್ದೇ ಅಪ್‌ಡೇಟ್ ಆದ ಮೇಲಾದರೆ ಹಿಂದಿನ ಆವೃತ್ತಿಗೆ ಮರಳಿ.

ಡಬ್ಬ ತೆರೆಯುವುದಾದರೆ

ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ, ಮೂರ್ನಾಲ್ಕು ಸಲ ಆಫ್-ಆನ್ ಮಾಡಿದರೆ ಬರುತ್ತದೆ. ಈ ಲಕ್ಷಣ ಇದ್ದರೆ ರ್‍ಯಾಮ್ ನೋಡಲೇಬೇಕು. ಇಲ್ಲಿನ ಗಾಳಿಯಲ್ಲಿ ತೇವವೂ ಇದೆ, ಉಪ್ಪೂ ಇದೆ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಕ್ಷಣ ಒತ್ತಿ ಹಿಡಿದು, ಡಬ್ಬದ ಬಣ್ಣವಿಲ್ಲದ ಕಬ್ಬಿಣವನ್ನು ಮುಟ್ಟಿ. ಆಮೇಲೆ ಎರಡೂ ಬದಿಯ ಕ್ಲಿಪ್ ಬಿಡಿಸಿ ರ್‍ಯಾಮ್ ತೆಗೆಯಿರಿ. ಕೆಳ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಹೊಳೆಯುತ್ತಿರಬೇಕು. ಅಲ್ಲಲ್ಲಿ ಕಂದು ಮಂಕು ಹಿಡಿದಿದ್ದರೆ ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ. ರಬ್ಬರಿನ ಪುಡಿ ಸ್ಲಾಟಿನ ಒಳಗೆ ಬೀಳಬಾರದು, ದೂರ ಹಿಡಿದು ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಕ್ಲಿಪ್ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಗ್ರಾಫಿಕ್ಸ್ ಕಾರ್ಡನ್ನೂ ಹೀಗೇ ತೆಗೆದು ಕೂರಿಸಿ. ಅದಕ್ಕೆ 6 ಅಥವಾ 8 ಪಿನ್ನಿನ ಪವರ್ ವೈರಿದ್ದರೆ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಕಾರ್ಡ್ ತೆಗೆದಿಟ್ಟು, ಮಾನಿಟರ್ ವೈರನ್ನು ಮದರ್‌ಬೋರ್ಡಿಗೆ ಹಾಕಿ ಕೆಲವು ದಿನ ಓಡಿಸುವುದು ಒಳ್ಳೆಯ ಪರೀಕ್ಷೆ. ಆದರೆ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಆ ಪೋರ್ಟಿನಿಂದ ಚಿತ್ರ ಬರುವುದಿಲ್ಲ.

ಗೇಮ್ ಆಡುವಾಗ ಮಾತ್ರ ಕಪ್ಪಾಗುತ್ತದೆಯೇ? ಕಾರ್ಡಿನ ಬಿಸಿ ನೋಡಿ, ಫ್ಯಾನಿನ ಧೂಳು ತೆಗೆಯಿರಿ. ಆಗಲೂ ಹೋದರೆ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಸೋತಿರಬಹುದು. ನನ್ನ ಕೇಳಿದರೆ, ಹಳೇ ಯಂತ್ರದಲ್ಲಿ ಕಾರ್ಡಿಗಿಂತ ಮೊದಲು ಅದನ್ನೇ ಬದಲಿಸಿ ನೋಡಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ವೈರು, ಡ್ರೈವರ್, ರ್‍ಯಾಮ್ ಮೂರನ್ನೂ ಒಂದೇ ಸಂಜೆ ಮುಟ್ಟಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಇಷ್ಟಾದರೂ ಬಗ್ಗದಿದ್ದರೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ಡೊಂಬಿವಲಿಯವರು ದಾದರ್‌ನಲ್ಲಿ ಇಳಿದು ಪಶ್ಚಿಮ ರೈಲ್ವೆಯ ಸ್ಲೋ ಗಾಡಿ ಹಿಡಿಯಬೇಕು, ಫಾಸ್ಟ್ ಗಾಡಿಗಳಲ್ಲಿ ಹಲವು ಗ್ರಾಂಟ್ ರೋಡಿನಲ್ಲಿ ನಿಲ್ಲುವುದಿಲ್ಲ. ನೋಟ್‌ಬುಕ್ ಜೊತೆಗಿರಲಿ. ‘ಡಿಸ್‌ಪ್ಲೇ ಹೋಗುತ್ತೆ’ ಎನ್ನುವ ಬದಲು ‘ಹಾಡು ನಡೆದಿರುತ್ತೆ, ನೋ ಸಿಗ್ನಲ್ ಬರುತ್ತೆ, ವೈರು ಬದಲಿಸಿ ಆಯ್ತು’ ಎಂದು ಹೇಳಿ. ಹೊಸ ಕಾರ್ಡಿಗೆ ದುಡ್ಡು ಕೊಡುವ ಮೊದಲು, ಅವರದೇ ಕಾರ್ಡ್ ಹಾಕಿ ನಿಮ್ಮ ಡಬ್ಬವನ್ನು ಒಂದು ಗಂಟೆ ಓಡಿಸಿ ತೋರಿಸಲು ಕೇಳಿ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.